ಮನೆಹೆಸರಿನ ಋಣ

ಬೀಚಿ ಎಂದರೆ ಕನ್ನಡಿಗರಿಗೆ ನಗು ನೆನಪಾಗುತ್ತದೆ, ತಿಂಮ ನೆನಪಾಗುತ್ತಾನೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಅವರ ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ಬೀಚಿ ಅವರೇ ಇಟ್ಟುಕೊಂಡದ್ದು, ಭೀಮಸೇನ ಹೆತ್ತವರು ಇಟ್ಟದ್ದು. ರಾಯಸಂ ಮಾತ್ರ ಅವೆರಡಕ್ಕಿಂತ ಬಹಳ ಹಳೆಯದು. ಅರಸನ ಬಾಯಿಮಾತನ್ನು ಬರಹಕ್ಕಿಳಿಸುವ ಹುದ್ದೆಗೆ ರಾಯಸ ಎನ್ನುತ್ತಿದ್ದರು. ಕೃಷ್ಣದೇವರಾಯನ ಮಂತ್ರಿಗಳಲ್ಲಿ ಒಬ್ಬನ ಹೆಸರೇ ರಾಯಸಂ ಕೊಂಡಮರಸಯ್ಯ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸ ಆಡಿದ್ದನ್ನು ಬರೆದುಕೊಳ್ಳಲು ಬರಹಗಾರರು ಅವನ ಬಳಿ ಇರುತ್ತಿದ್ದುದನ್ನು ದಾಖಲಿಸಿದ್ದಾನೆ. 1565ರ ಯುದ್ಧದ ನಂತರ ಆ ಪಟ್ಟಣ ಹಾಳು ಬಿತ್ತು. ಅರಸು ಹೋಯಿತು, ಚಾವಡಿ ಹೋಯಿತು, ಬರೆದ ಓಲೆ ಕಡತಗಳಲ್ಲಿ ಬಹುಪಾಲು ಮಣ್ಣುಪಾಲಾಯಿತು. ಹುದ್ದೆಯ ಹೆಸರು ಮಾತ್ರ ಮನೆತನಗಳ ಹೆಸರಾಗಿ ಉಳಿದು, ಇಪ್ಪತ್ತನೆಯ ಶತಮಾನದ ಹಾಸ್ಯ ಲೇಖಕರೊಬ್ಬರ ಹೆಸರಿನ ಮುಂದೆ ಬಂದು ನಿಂತಿತು.

ಹಂಪಿಗೆ ಬಂದವರು ಕಲ್ಲು ನೋಡಿ ಹೋಗುತ್ತಾರೆ. ಹೊಸಪೇಟೆ, ಕಮಲಾಪುರ, ಕಂಪ್ಲಿಯ ಯಾವುದೇ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ಓದಿಸಿಕೊಂಡರೆ ಇನ್ನೊಂದು ವಿಜಯನಗರ ಕಿವಿಗೆ ಬೀಳುತ್ತದೆ. ದಳವಾಯಿ, ತಳವಾರ, ವಾಲೀಕಾರ, ಹಡಪದ, ಕಮ್ಮಾರ, ಬಡಿಗೇರ, ಪತ್ತಾರ, ಹೂಗಾರ, ಅಂಬಿಗೇರ. ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ನೀರಗಂಟಿ ಎಂಬ ಹೆಸರಿನ ಮೇಲೆ. ತುಂಗಭದ್ರೆಗೆ ಅಡ್ಡಲಾಗಿ ಅರಸರು ಕಟ್ಟಿಸಿದ ಒಡ್ಡುಗಳಿಂದ ಹೊರಟ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಈ ಸೀಮೆಯ ಭತ್ತ, ಬಾಳೆ, ಕಬ್ಬಿಗೆ ನೀರುಣಿಸುತ್ತಿವೆ. ಕಾಲುವೆ ತೋಡಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ತೂಬು ಎತ್ತಬೇಕು, ಇಳಿಸಬೇಕು, ಮೇಲಿನ ಗದ್ದೆಯವನು ಸರದಿ ಮೀರದಂತೆ ನೋಡಬೇಕು, ಕೊನೆಯ ಗದ್ದೆಯ ಬಡವನ ಪೈರು ಒಣಗದಂತೆ ನಡುರಾತ್ರಿ ಸಲಿಕೆ ಹಿಡಿದು ಬದುವಿನ ಮೇಲೆ ನಡೆಯಬೇಕು. ಅದನ್ನು ಮಾಡಿದವನು ನೀರಗಂಟಿ. ಕಟ್ಟಿಸಿದವರ ಹೆಸರು ಶಾಸನಕ್ಕೆ ಹೋಯಿತು. ನೀರು ಹರಿಸಿದವರ ನೆನಪು ಅವರ ಮೊಮ್ಮಕ್ಕಳ ಮನೆಹೆಸರಿನಲ್ಲಿ ಉಳಿಯಿತು.

ಈ ಹೆಸರುಗಳನ್ನು ಯಾರೂ ತಮಗೆ ತಾವೇ ಇಟ್ಟುಕೊಂಡದ್ದಲ್ಲ. ಊರು ಇಟ್ಟದ್ದು. ಒಬ್ಬ ಮನುಷ್ಯ ತನ್ನ ನೆರೆಹೊರೆಯವರಿಗೆ ಏನಾಗಿದ್ದ, ಯಾವ ಊರಿನಿಂದ ಬಂದು ಇಲ್ಲಿ ಯಾರ ಆಸರೆಯಲ್ಲಿ ನೆಲೆ ನಿಂತ ಎಂಬುದನ್ನು ಊರ ಜನ ಕರೆದು ಕರೆದು ರೂಢಿ ಮಾಡಿದ್ದು. ಆದ್ದರಿಂದ ಮನೆತನದ ಹೆಸರಿನ ಬೆನ್ನು ಹತ್ತಿದವರು ತಮ್ಮ ಮನೆಯ ಹಿರಿಮೆಯನ್ನು ಹುಡುಕಲು ಹೊರಟರೆ ದಾರಿ ತಪ್ಪುತ್ತಾರೆ ಎಂದು ನಾನು ನಂಬಿದ್ದೇನೆ. ಅಲ್ಲಿ ಸಿಗುವುದು ಋಣದ ಲೆಕ್ಕ. ಆ ಲೆಕ್ಕವನ್ನು ನೇರವಾಗಿ ಬರೆಯುವ ಮನಸ್ಸಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು.

ಇಂಗ್ಲೆಂಡಿನಲ್ಲಿ ಒಂದೊಂದು ಮನೆತನದ ಹೆಸರನ್ನೇ ಹಿಡಿದು ಅದು ಎಲ್ಲೆಲ್ಲಿ ಹರಡಿದೆ ಎಂದು ಹುಡುಕುವವರ ಸಂಘವೊಂದು 1979ರಲ್ಲಿ ಹುಟ್ಟಿತು, ಈಗಲೂ ಇದೆ. ಅಲ್ಲಿ ಚರ್ಚುಗಳು 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆಯುತ್ತ ಬಂದಿವೆ. ಹೆಸರು ಅಪ್ಪನಿಂದ ಮಗನಿಗೆ ಹಾಗೇ ದಾಟಿದೆ. ವಿರಳವಾದ ಹೆಸರು ಇಬ್ಬರಲ್ಲಿದ್ದರೆ ನೆಂಟಸ್ತನ ಇದ್ದೀತೆಂದು ಅವರು ಊಹಿಸಬಹುದು. ನಮ್ಮಲ್ಲಿ ಆ ಅಳತೆಗೋಲು ನಡೆಯುವುದಿಲ್ಲ. ಪ್ರತಿ ಊರಿಗೂ ತಳವಾರ ಬೇಕಿತ್ತು, ಪ್ರತಿ ಊರಿಗೂ ಕಮ್ಮಾರ ಬೇಕಿತ್ತು. ಕಂಪ್ಲಿಯ ಬಡಿಗೇರರಿಗೂ ಬಾಗಲಕೋಟೆಯ ಬಡಿಗೇರರಿಗೂ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಇನ್ನು ಬಳ್ಳಾರಿ ಸೀಮೆಯಲ್ಲಿ ಊರಿನ ಹೆಸರೇ ಮನುಷ್ಯನ ಹೆಸರಿನ ಮುಂದೆ ಬರುತ್ತದೆ: ಜೋಳದರಾಶಿ ದೊಡ್ಡನಗೌಡ, ಬೆಳಗಲ್ಲು ವೀರಣ್ಣ. ಒಂದೇ ಊರಿನ ಹೆಸರು ಹೊತ್ತವರು ಹತ್ತು ಜಾತಿಯವರಿರಬಹುದು. ತುಂಗಭದ್ರಾ ಕಾಲುವೆ ಬಂದ ಮೇಲೆ ಕಂಪ್ಲಿ, ಸಿರುಗುಪ್ಪ ಕಡೆಯ ಕ್ಯಾಂಪುಗಳಿಗೆ ಆಂಧ್ರದಿಂದ ಬಂದು ನೆಲೆಸಿದ ರೈತರು ತಮ್ಮ ಇಂಟಿಪೇರುಗಳನ್ನೂ, ಅಂದರೆ ಮನೆಹೆಸರುಗಳನ್ನೂ ತಂದರು. ಹಾಗಾಗಿ ನಮ್ಮಲ್ಲಿ ಹೆಸರಿನ ಜಾಡು ಹಿಡಿದರೆ ಅದು ಕೆಲಸದ ಕಡೆಗೆ, ನೆಲದ ಕಡೆಗೆ, ನೀರಿನ ಕಡೆಗೆ ಒಯ್ಯುತ್ತದೆ. ಅದು ನಮ್ಮ ಭಾಗ್ಯವೆಂದೇ ನನಗೆ ಅನ್ನಿಸುತ್ತದೆ. ರಕ್ತದ ಹೆಮ್ಮೆಯಿಂದ ಈ ನಾಡಿಗೆ ಆಗಿರುವ ಕೇಡು ಕಡಿಮೆಯಲ್ಲ.

ಹಿಂದೆ ಈ ಜಾಡನ್ನು ಕಾಯ್ದವರು ಮನೆಯವರಲ್ಲ, ಹೆಳವರು. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರುವ ಹೊತ್ತಿಗೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಮನೆಯ ಮುಂದೆ ನಿಂತು, ಎತ್ತಿನಿಂದ ಇಳಿಯದೆ ಶುರುಮಾಡುತ್ತಿದ್ದರು: ಮನೆದೇವರು ಯಾವುದು, ಬೆಡಗು ಯಾವುದು, ಮೂಲಪುರುಷ ಯಾವ ಊರು ಬಿಟ್ಟು ಎದ್ದುಬಂದ, ಯಾಕೆ ಬಿಟ್ಟ, ಅವನ ಮಕ್ಕಳೆಷ್ಟು, ಅವರಲ್ಲಿ ಯಾರು ಎಲ್ಲಿಗೆ ಹೋದರು. ಜಗುಲಿಯ ಮೇಲೆ ಕೂತ ಮುದುಕ ಕೈಮುಗಿದು ಕೇಳುತ್ತಿದ್ದ. ಹೇಳಿ ಮುಗಿದ ಮೇಲೆ, "ಮೊಮ್ಮಗ ಹುಟ್ಟ್ಯಾನ, ಬರ್ಕಳ್ರಿ" ಎಂದರೆ, "ಏನು ಹೆಸರಿಟ್ಟೀರಿ ಗೌಡ್ರೇ?" ಎಂದು ಕೇಳಿ, ಗಂಟಿನಿಂದ ಪುಸ್ತಕ ತೆಗೆದು ಒಂದು ಸಾಲು ಸೇರಿಸುತ್ತಿದ್ದರು. ಜೋಳ, ಬಟ್ಟೆ, ದುಡ್ಡು, ಉಳ್ಳವರ ಮನೆಯಾದರೆ ಒಂದು ಎತ್ತು, ಇದು ಅವರ ಸಂಭಾವನೆ. ಯಾವ ಊರು ಯಾರ ಪಾಲಿನದು ಎಂದು ಅವರವರಲ್ಲೇ ಹಂಚಿಕೆ ಇತ್ತು. ಈಗಲೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಕಾಣುತ್ತಾರೆ. ಎತ್ತಿನ ಬದಲು ಬೈಕೋ ಟೆಂಪೋವೋ ಇರಬಹುದು.

ಈ ಏರ್ಪಾಡಿನ ಜಾಣತನ ದೊಡ್ಡದು. ಒಂದು ಮನೆಯ ವಂಶಾವಳಿ ಆ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಇದ್ದಿದ್ದರೆ ಸಿರಿ ಬಂದ ವರ್ಷ ಒಬ್ಬ ಪೂರ್ವಜನನ್ನು ದಂಡನಾಯಕ ಮಾಡಿ, ಜಗಳವಾದ ವರ್ಷ ಒಬ್ಬ ಅಣ್ಣನ ಹೆಸರು ಹೊಡೆದು ಹಾಕುವುದು ಸುಲಭವಾಗುತ್ತಿತ್ತು. ಕಾಳು ಕೊಡುವವರ ಮುಂದೆ ನಿಂತ ಹೆಳವ ನಾಲ್ಕು ಮಾತು ಹೊಗಳಿರಬಹುದು, ಅದು ಸಹಜ. ಆದರೆ ಅದೇ ವಂಶದ ಇನ್ನೊಂದು ಕವಲಿನ ಮನೆಗೂ ಅವನು ಅದೇ ಪುಸ್ತಕ ಹಿಡಿದು ಹೋಗಬೇಕಿತ್ತು, ಅಲ್ಲಿಯೂ ಲೆಕ್ಕ ಹೊಂದಬೇಕಿತ್ತು. ಇವತ್ತು ವಂಶದ ಪುಸ್ತಕ ಮಾಡುವವರು ಹೆಳವರ ಬಳಿಗೆ ಹೋಗಿ, ಪುಟಗಳ ಫೋಟೊ ಹೊಡೆದುಕೊಂಡು, ಚಹಾ ಕುಡಿಸಿ ಕಳಿಸುವುದುಂಟು. ಬಣ್ಣದ ಮುಖಪುಟದ ಪುಸ್ತಕ ಬಂದಾಗ ಅದರಲ್ಲಿ ದಾನಿಗಳ ಫೋಟೊ ಇರುತ್ತದೆ, ಹೆಳವನ ಹೆಸರಿರುವುದಿಲ್ಲ. ಇದು ಕಳ್ಳತನ. ತಲೆಮಾರುಗಟ್ಟಲೆ ಕಾಯ್ದ ವಿದ್ಯೆ ಅವನ ಹೊಟ್ಟೆಪಾಡೂ ಹೌದು. ಅವನ ಹೆಸರು, ಅವನ ಊರು ಮೊದಲ ಪುಟದಲ್ಲಿ ಬರಬೇಕು, ಅವನ ಸಂಭಾವನೆ ಅವನ ಕೈ ಸೇರಬೇಕು.

ಕಾಗದದಲ್ಲಿ ಹುಡುಕುವವರಿಗೆ ನಮ್ಮ ಸೀಮೆ ಬಡವೇನಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಏಳು ವರ್ಷ ಕಲೆಕ್ಟರಾಗಿದ್ದ. ಪ್ರತಿಯೊಬ್ಬ ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಗಾಗಿ ಹೊಲ ಹೊಲ ಅಳೆಸಿ ಬರೆಸಿದ. ಅದೇ ಕಾಲದಲ್ಲಿ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಜನ ಊರೂರು ತಿರುಗಿ ಹಿರಿಯರನ್ನೂ ಕರಣಿಕರನ್ನೂ ಕೇಳಿ ಊರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿಕೊಂಡರು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಎಂಬ ದೊಡ್ಡ ಗ್ರಂಥವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯವೇ 1994ರಲ್ಲಿ ಪ್ರಕಟಿಸಿತು. 1872ರಲ್ಲಿ ಕೆಲ್ಸಾಲ್, 1904ರಲ್ಲಿ ಫ್ರಾನ್ಸಿಸ್ ಬರೆದ ಜಿಲ್ಲಾ ಕೈಪಿಡಿ, ಗೆಜೆಟಿಯರುಗಳಿವೆ. ಹುಡುಕುವವರು ಒಂದನ್ನು ನೆನಪಿಡಬೇಕು: 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಸಂಡೂರು 1949ರವರೆಗೆ ಬೇರೆಯೇ ಸಂಸ್ಥಾನವಾಗಿತ್ತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಒಂದೇ ಮನೆತನದ ಕಾಗದಗಳು ಮೂರು ನಾಲ್ಕು ಕಡೆ ಚದುರಿರುತ್ತವೆ. ವಿದೇಶಕ್ಕೆ ಹೋದವರಲ್ಲಿ ಊರಿನ ಹೆಸರು ಪಾಸ್‌ಪೋರ್ಟಿನ ಅಡ್ಡಹೆಸರಾಗಿ ಗಟ್ಟಿಯಾಗಿದೆ. 2014ರ ನವೆಂಬರ್ 1ರಂದು ಸರ್ಕಾರ ಹೊಸಪೇಟೆಯ ಇಂಗ್ಲಿಷ್ ಕಾಗುಣಿತ ಬದಲಿಸಿತು. ಆ ಜನರ ಮಕ್ಕಳ ಪಾಸ್‌ಪೋರ್ಟಿನಲ್ಲಿ ಹಳೆಯ ಹಾಸ್ಪೆಟ್ ಹಾಗೇ ಇದೆ.

ಕಾಗದ ಯಾರನ್ನು ಬರೆದುಕೊಂಡಿತು, ಯಾರನ್ನು ಬಿಟ್ಟಿತು ಎಂಬುದನ್ನು ಸಂಡೂರಿನಲ್ಲಿ ನಿಂತು ನೋಡಬೇಕು. ಹದಿನೆಂಟನೆಯ ಶತಮಾನದಿಂದ ಸಂಡೂರನ್ನು ಆಳಿದ ಘೋರ್ಪಡೆಯವರ ಮನೆಹೆಸರಿನ ಹಿಂದೆ ಒಂದು ಐತಿಹ್ಯವಿದೆ. ಮೂಲದಲ್ಲಿ ಭೋಸಲೆ ವಂಶದವರಾದ ಅವರ ಪೂರ್ವಜನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ಕೋಟೆಯ ಗೋಡೆಗೆ ಹತ್ತಿಸಿ, ಆ ಹಗ್ಗ ಹಿಡಿದು ಕೋಟೆ ಏರಿದನೆಂದೂ, ಉಡಕ್ಕೆ ಮರಾಠಿಯಲ್ಲಿರುವ ಹೆಸರೇ ವಂಶದ ಹೆಸರಾಯಿತೆಂದೂ ಹೇಳುತ್ತಾರೆ. ಈ ಮನೆತನದ ಕಥೆ ಗೆಜೆಟಿಯರಿನಲ್ಲಿದೆ, ಸಂಸ್ಥಾನದ ದಾಖಲೆಗಳಲ್ಲಿದೆ. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ, ಕಾಡುಪ್ರಾಣಿಗಳ ಛಾಯಾಚಿತ್ರಗಳಿಗೆ ಹೆಸರಾದ ಎಂ. ವೈ. ಘೋರ್ಪಡೆಯವರ ತನಕ ಅದು ತಡೆಯಿಲ್ಲದೆ ಓದಲು ಸಿಗುತ್ತದೆ.

ಅದೇ ತಾಲ್ಲೂಕಿನ ಸುಶೀಲಾನಗರದಂಥ ಲಂಬಾಣಿ ತಾಂಡಾಗಳ ರಾಠೋಡ, ಪವಾರ, ಚವ್ಹಾಣ, ಜಾಧವರ ವಂಶ ಎಲ್ಲಿ ಬರೆದಿದೆ? ಅವರ ವಂಶವನ್ನು ಹಾಡುವವರು ಢಾಡಿಗಳು. ಬರಹವಿಲ್ಲದೆ, ಹಾಡಿನ ಮೇಲೆಯೇ ತಲೆಮಾರುಗಳು ನಿಂತಿವೆ. ಹಾಡುವ ಒಬ್ಬ ತೀರಿಕೊಂಡು ಮಗ ಗಣಿ ಲಾರಿಯ ಡ್ರೈವರ್ ಆದರೆ ಅಲ್ಲಿಗೆ ಒಂದು ಭಂಡಾರ ಬಾಗಿಲು ಹಾಕಿಕೊಂಡಂತೆ. ಅಲ್ಲಿಯ ಹೆಂಗಸರ ಕೈಯಲ್ಲಿ ಇನ್ನೊಂದು ವಂಶಾವಳಿ ಇದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ವಿಶ್ವದಾಖಲೆಯಾಯಿತು. ರಾಠೋಡ ಎಂಬ ಹೆಸರು ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಹೊಲಿಗೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಮಗಳ ಜೊತೆ ಇನ್ನೊಂದು ತಾಂಡಾಕ್ಕೆ ಹೋಗುತ್ತದೆ. ಕನ್ನಡಿ, ಕವಡೆ, ದಾರದ ಆ ವರಸೆ ಯಾರಿಂದ ಕಲಿತದ್ದು ಎಂದು ಕೇಳಿದರೆ ಅಜ್ಜಿಯ ಹೆಸರು, ಅವಳ ತಾಂಡಾದ ಹೆಸರು ಬರುತ್ತದೆ. ಅದನ್ನೂ ಬರೆದುಕೊಂಡರೆ ಮಾತ್ರ ಆ ಮನೆತನದ ಅಧ್ಯಯನ ಪೂರ್ಣ.

ನೆಲವೇ ಇಲ್ಲವಾದಾಗ ಹೆಸರೊಂದೇ ಗುರುತು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು, 54 ಸಾವಿರದಷ್ಟು ಜನ ಮನೆ ಬಿಟ್ಟರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ಹೊಸ ಊರು ಕಟ್ಟಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಿರಿಯರು ದಡಕ್ಕೆ ಹೋಗಿ, ಅಲ್ಲಿ ನಮ್ಮ ಓಣಿ, ಅಲ್ಲಿ ಗುಡಿ ಎಂದು ಕೈ ತೋರಿಸುವುದುಂಟು. ಮುಳುಗಿದ ಊರಿನ ಹೆಸರನ್ನು ಮನೆಹೆಸರಾಗಿ ಹೊತ್ತ ಮಗುವಿಗೆ ಆ ಊರು ನೋಡಲು ಸಿಗುವುದಿಲ್ಲ. ಅದಕ್ಕೆ ಯಾರಾದರೂ ಹೇಳಬೇಕು. ಈ ಸೀಮೆಯ ಹೊಲಗಳು ಹಸಿರಾಗಲು ಯಾರ ಮನೆಗಳು ನೀರಿಗೆ ಹೋದವು ಎಂಬುದು ಕಾಲುವೆಯ ನೀರು ಉಂಡವರೆಲ್ಲ ಕೇಳಬೇಕಾದ ಕಥೆ.

ಎಲ್ಲ ಕಥೆಯೂ ಸಿಗುವುದಿಲ್ಲ. ನಮ್ಮ ಭಾಗದ ಯಾವ ಮನೆತನದ ಹಿಂದೆ ಹೋದರೂ ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಆ ಘೋರ ಕಾಲ ಅಡ್ಡ ನಿಲ್ಲುತ್ತದೆ. ಬಳ್ಳಾರಿ ಸೀಮೆ ಅದರಲ್ಲಿ ಬೆಂದುಹೋಯಿತು. ಮನೆಗೆ ಮನೆಯೇ ಅಳಿದದ್ದುಂಟು, ಉಳಿದ ಒಂದು ಮಗುವನ್ನು ಬೇರೆಯವರು ಎತ್ತಿಕೊಂಡು ಹೋಗಿ ತಮ್ಮ ಹೆಸರಿನಲ್ಲೇ ಸಾಕಿದ್ದುಂಟು. ಅಲ್ಲಿ ಕೊಂಡಿ ಕಳಚಿದ್ದರೆ ಕಳಚಿದೆ ಎಂದೇ ಬರೆಯಬೇಕು. ಖಾಲಿ ಜಾಗವನ್ನು ಕಂಡೊಡನೆ ಅಲ್ಲೊಬ್ಬ ಋಷಿಯನ್ನೋ ಅರಸನನ್ನೋ ಕೂರಿಸುವ ಆಸೆ ಹುಟ್ಟುತ್ತದೆ. ಕಂಪ್ಲಿಯ ಕುಮಾರರಾಮನ ವಿಷಯದಲ್ಲಿ ಇದನ್ನು ಕಾಣುತ್ತೇವೆ. 1327ರ ಸುಮಾರಿಗೆ ದಿಲ್ಲಿಯ ದಂಡಿನೊಂದಿಗೆ ಕಾದಿ ಮಡಿದ ಆ ವೀರನನ್ನು ಒಂದಕ್ಕಿಂತ ಹೆಚ್ಚು ಸಮುದಾಯದವರು ನಮ್ಮವನು ಎನ್ನುತ್ತಾರೆ, ಊರೂರಲ್ಲಿ ಪೂಜಿಸುತ್ತಾರೆ. ಆ ಭಕ್ತಿಗೆ ನನ್ನ ನಮಸ್ಕಾರ. ಅವನ ಕಥೆ ಹಾಡಿ ಬದುಕಿಸಿದವರಿಗೆಲ್ಲ ಅವನ ಮೇಲೆ ಹಕ್ಕಿದೆ. ಆದರೆ ಭಕ್ತಿಯನ್ನು ವಂಶವೃಕ್ಷದ ಕೊಂಬೆಯಾಗಿ ಚಿತ್ರಿಸಿ ಅಚ್ಚು ಹಾಕಿಸಿದರೆ ಮುಂದಿನವರ ಕೈಗೆ ಸುಳ್ಳು ಕೊಟ್ಟಂತಾಗುತ್ತದೆ. ಬರದಲ್ಲಿ ಮಗುವನ್ನು ಎತ್ತಿಕೊಂಡ ಆ ಹೆಸರಿಲ್ಲದ ನೆರೆಮನೆಯವಳು ನಮ್ಮ ವಂಶಕ್ಕೆ ಯಾವ ಅರಸನಿಗಿಂತ ಕಡಿಮೆ?

ಇನ್ನೂ ಕಷ್ಟದ ಪ್ರಶ್ನೆ ಬೇರೆ ಇದೆ. ಕೆಲವು ಹೆಸರುಗಳು ಊರು ಕೊಟ್ಟ ಗುರುತಲ್ಲ, ಊರು ಹಾಕಿದ ಬರೆ. ಜಾತಿಯ ಹೆಸರನ್ನೇ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರಾಗಿ ಬರೆದು, ಮಗು ಜೀವನವಿಡೀ ಅದನ್ನು ಹೊತ್ತು ತಿರುಗುವಂತೆ ಮಾಡಿದ್ದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಓದಿ ನೌಕರಿ ಹಿಡಿದ ಮೇಲೆ ಅಂಥ ಎಷ್ಟೋ ಜನ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ ಹೆಸರು ಬದಲಿಸಿಕೊಂಡರು. ಕುಲವನ್ನೇ ಅಪರಾಧಿ ಎಂದು ಬರೆದ 1871ರ ಕಾನೂನಿನ ಕೆಳಗೆ ನರಳಿದ ಸಮುದಾಯಗಳ ಜನ, ಆ ಕಾನೂನು 1952ರಲ್ಲಿ ಹೋದ ಮೇಲೂ, ಹಳೆಯ ಹೆಸರು ಹೇಳಲು ಅಂಜಿದರು. ಸಂಶೋಧನೆಯ ಹೆಸರಿನಲ್ಲಿ ಅವರು ಕಳಚಿಟ್ಟದ್ದನ್ನು ಎತ್ತಿ ಬೀದಿಯಲ್ಲಿ ತೋರಿಸುವ ಅಧಿಕಾರ ಯಾರಿಗೂ ಇಲ್ಲ. ಆ ಕಾಗದವನ್ನು ಸುಡಬೇಕೆಂದೂ ನಾನು ಹೇಳಲಾರೆ, ಅನ್ಯಾಯದ ಸಾಕ್ಷಿ ಉಳಿಯಬೇಕು. ಅದು ಆ ಮನೆಯವರ ಕೈಯಲ್ಲಿ ಉಳಿಯಲಿ. ಯಾವಾಗ, ಯಾರ ಮುಂದೆ ಬಿಚ್ಚಬೇಕೆಂಬುದನ್ನು ಅವರೇ ನಿರ್ಧರಿಸಲಿ.

ದೇವದಾಸಿ ತಾಯಂದಿರ ಮಕ್ಕಳದೂ ಇದೇ ನೋವು. ಹೊಸಪೇಟೆ, ಸಂಡೂರು, ಕೂಡ್ಲಿಗಿ ಕಡೆ ಈ ಪದ್ಧತಿ ಆಳವಾಗಿ ಬೇರುಬಿಟ್ಟಿತ್ತು. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯಿದೆ 1982ರಲ್ಲಿ ಬಂತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಜಾಗದ ಮುಂದೆ ಪೆನ್ನು ಹಿಡಿದು ನಿಂತ ಮಗುವನ್ನು ಗುಮಾಸ್ತ "ಬರಿಯಪ್ಪ, ಯಾಕೆ ನಿಂತಿ?" ಎಂದು ಕೇಳುವಾಗ ಆ ತಾಯಿಯ ಮುಖ ನೋಡಬೇಕು. ಆ ಮಕ್ಕಳು ತಾಯಿಯ ಹೆಸರನ್ನೇ ಇನಿಷಿಯಲ್ ಆಗಿ ಇಟ್ಟುಕೊಂಡು ಬದುಕು ಕಟ್ಟಿಕೊಂಡಿದ್ದಾರೆ. ಅವರ ವಂಶ ಆ ತಾಯಿಯಿಂದಲೇ ಶುರುವಾಗುತ್ತದೆ, ಅದರಲ್ಲಿ ಕೊರತೆಯೇನೂ ಇಲ್ಲ. ಮರಿಯಮ್ಮನಹಳ್ಳಿಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರನ್ನೇ ನೋಡಿ. ಜೋಗತಿ ಎಂಬುದು ಹುಟ್ಟಿದ ಮನೆ ಕೊಟ್ಟದ್ದಲ್ಲ, ಹುಲಿಗೆಮ್ಮನ ದೀಕ್ಷೆಯಿಂದ ಬಂದದ್ದು. ಜನ ಹಳಿಯಲು ಬಳಸುತ್ತಿದ್ದ ಆ ಹೆಸರಿನಲ್ಲೇ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಹೆಣ್ಣುಮಕ್ಕಳ ಮಾತಿಗೆ ಬಂದರೆ ಹೆಳವರ ಪುಸ್ತಕವೂ ಕುರುಡೇ. ಅಲ್ಲಿ ಸಾಲು ನಡೆಯುವುದು ಗಂಡುಮಕ್ಕಳ ಮೇಲೆ. ಇಂದಿನ ಸರ್ಕಾರಿ ವಂಶವೃಕ್ಷದಲ್ಲಿ ಅದೇ ಕುರುಡುತನ ಬೇಕೆಂದೇ ನಡೆಯುತ್ತದೆ. ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ವಂಶವೃಕ್ಷ ಕೊಡಬೇಕು. ಮೂವರು ಅಣ್ಣತಮ್ಮಂದಿರ ಹೆಸರು ಬರೆದು, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು, ಪ್ರಮಾಣ ಮಾಡಿ ಸಹಿ ಹಾಕುವವರಿದ್ದಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ವಂಶವೃಕ್ಷದಿಂದ ಒಬ್ಬ ಮಗಳ ಹೆಸರು ಬಿಡುವುದು ಮರೆವು ಅಲ್ಲವೇ ಅಲ್ಲ. ಅದು ಅವಳ ಎಕರೆ, ಗುಂಟೆಗಳನ್ನು ನುಂಗುವ ಉಪಾಯ. ಮನೆತನದ ಹೆಸರಿನ ಮೇಲೆ ಪುಸ್ತಕ ಬರೆಯುವವರು, ಹೊಗಳಿಕೆಯ ಪೀಠಿಕೆಗೆ ಮುಂಚೆ, ತಮ್ಮ ಮನೆಯ ಪೌತಿ ಖಾತೆಯ ವಂಶವೃಕ್ಷವನ್ನು ತೆರೆದು ನೋಡಲಿ ಎಂದು ನಾನು ಕೇಳುತ್ತೇನೆ.

ಮನೆಯಲ್ಲಿ ಯಾರು ಯಾರಿಗೆ ಏನು ಎಂಬುದು ಹೆಂಗಸರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿರುವುದಿಲ್ಲ. ಮೊರದಲ್ಲಿ ಜೋಳ ಕೇರುತ್ತ ಕೂತ ಅಜ್ಜಿಯನ್ನು ಒಂದು ಹೆಸರು ಕೇಳಿ. "ಅವರಾ? ಅವರ ಅತ್ತಿ ನಮ್ಮ ಸಣ್ಣವ್ವನ ತವರುಮನಿ ಓಣಿಯಾಕಿ" ಎಂದು ಶುರುವಾಗಿ, ಮೊರ ಬರಿದಾಗುವ ಹೊತ್ತಿಗೆ ನಾಲ್ಕು ಊರು, ಆರು ಮನೆಹೆಸರು ದಾಟಿ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಮದುವೆಯಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿದ ಆ ಬಾಯಿಗೆ ಒಂದು ಸೀಮೆಯ ಹೆಸರುಗಳೆಲ್ಲ ಕಂಠಪಾಠ. ಅವಳ ಹೆಸರು ಮಾತ್ರ ಪುಸ್ತಕದಲ್ಲಿ 'ಪತ್ನಿ' ಎಂದಷ್ಟೇ ಬರುತ್ತದೆ.

ಅಜ್ಜಿಯ ಟ್ರಂಕಿನಲ್ಲಿ ಹುಡುಕಬೇಕಾದ ಇನ್ನೊಂದು ವಸ್ತುವಿದೆ. ಅದು ಮದುವೆಯಲ್ಲಿ ಬಂದ ಮುಯ್ಯಿ ಬರೆದ ಪುಸ್ತಕ. ಉದ್ದನೆಯ ಲೆಕ್ಕದ ಪುಸ್ತಕ, ಮೊದಲ ಪುಟದ ನೆತ್ತಿಗೆ ಒಣಗಿದ ಅರಿಶಿನ ಕುಂಕುಮ, ಅದರ ಕೆಳಗೆ ಮನೆದೇವರ ಹೆಸರು, ಕೆಳಗೆ ಮಸಿ ಮಾಸಿದ ಸಾಲುಗಳು. ಗಾದಿಗನೂರು ಕಮ್ಮಾರರ ಮನೆ, 2 ರೂಪಾಯಿ, ಕುಪ್ಪಸದ ಕಣ 1. ಕಂಪ್ಲಿ ಅಂಬಿಗೇರರ ಮನೆ, 1 ರೂಪಾಯಿ 4 ಆಣೆ, ಬಾಳೆಗೊನೆ 1. ತೋರಣಗಲ್ಲು ಹೂಗಾರರು, ದಂಡೆ ಎರಡು ಜೊತೆ, ದುಡ್ಡಿಲ್ಲ. ಇಂಥ ಸಾಲುಗಳು ಪುಟಗಟ್ಟಲೆ. ದಿನಾಂಕ ಹರಿದುಹೋಗಿದ್ದರೂ ಆಣೆಯ ಲೆಕ್ಕವಿದ್ದರೆ ಅದು ಹೊಸ ಪೈಸೆ ಬಂದ 1957ರ ಆಚೀಚಿನದು ಅಥವಾ ಅದಕ್ಕೂ ಹಿಂದಿನದು ಎಂದು ತಿಳಿಯಬಹುದು. ಯಾವ ಜಾತಿಯವರು ಯಾವ ಮನೆಯ ಮದುವೆಗೆ ಬಂದರು, ಯಾರು ಬರಿಗೈಯಲ್ಲಿ ಬಂದೂ ದುಡಿದು ಹೋದರು, ಬಾವಿಯ ಜಗಳವಾದ ಮೇಲೆ ಯಾರ ಹೆಸರು ಪಟ್ಟಿಯಿಂದ ಕಾಣೆಯಾಯಿತು, ಎಲ್ಲವೂ ಅಲ್ಲಿದೆ. ಗೆಜೆಟಿಯರ್ ಹೇಳದ್ದನ್ನು ಈ ಪುಸ್ತಕ ಹೇಳುತ್ತದೆ. ಮುಯ್ಯಿಯನ್ನು ಬರೆದಿಡುವುದು ಮರೆಯದೆ ತೀರಿಸಲೆಂದು. ಮನೆತನದ ಅಧ್ಯಯನವನ್ನೂ ನಾನು ಇದೇ ಬಗೆಯ ಪುಸ್ತಕವೆಂದು ತಿಳಿಯುತ್ತೇನೆ. ನಮಗೆ ಹೆಸರು ಕೊಟ್ಟ ಊರು, ನೆಲೆ ಕೊಟ್ಟ ಮನೆ, ಹೆಣ್ಣು ಕೊಟ್ಟ ತವರು, ನೆನಪು ಕಾಯ್ದ ಹೆಳವ, ಇವರೆಲ್ಲರಿಂದ ಪಡೆದದ್ದನ್ನು ಅವರ ಮಕ್ಕಳಿಗೆ ತಿರುಗಿ ತಲುಪಿಸುವುದೇ ಹಂಚಿಕೊಳ್ಳುವುದು.

ಹಂಚುವಾಗ ಎಚ್ಚರವೂ ಬೇಕು. ತೀರಿಕೊಂಡವರ ವಿಷಯ ಬೇರೆ, ಬದುಕಿರುವವರ ವಿಷಯ ಬೇರೆ. ತಾಯಿಯ ತವರಿನ ಹೆಸರನ್ನು ಬ್ಯಾಂಕಿನವರು ಗುಟ್ಟಿನ ಪ್ರಶ್ನೆಯಾಗಿ ಕೇಳುತ್ತಾರೆ. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರು, ವಿಳಾಸ ಸಮೇತ ಇಡೀ ವಂಶವನ್ನು ವಾಟ್ಸ್ಯಾಪಿನಲ್ಲಿ ಹರಿಬಿಡುವವರು ಮೋಸಗಾರರ ಕೆಲಸ ಹಗುರ ಮಾಡುತ್ತಾರೆ. ಎರಡನೆಯ ಮದುವೆ, ದತ್ತು, ಮನೆ ಬಿಟ್ಟು ಹೋದವರ ಸಂಗತಿ, ಇವನ್ನು ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಅಚ್ಚಿಗೆ ಕೊಡಬಾರದು. ಬರೆದಿಡಬಹುದು, ಪ್ರಕಟಿಸಬಾರದು. ಈ ಎರಡರ ನಡುವಿನ ಗೆರೆಯನ್ನು ಬರೆಯುವವನೇ ಕಾಯಬೇಕು.

ಉಳಿಸುವ ಕೆಲಸ ನಾವು ತಿಳಿದಷ್ಟು ಕಷ್ಟದ್ದಲ್ಲ. ಹಳೆಯ ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಯಿರಿ. ತಾಳೆಗರಿ ಸಿಕ್ಕರೆ ಅರಿಶಿನ ಕುಂಕುಮ ಹಚ್ಚಿ ದೇವರ ಜಗುಲಿಯಲ್ಲಿ ಇಟ್ಟು ಹುಳ ತಿನ್ನಿಸಬೇಡಿ. ಹಂಪಿಯಲ್ಲಿ 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ, ಅಲ್ಲಿ ತೋರಿಸಿ. ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದರೆ ಸಾಲದು, ಮೊಬೈಲು ಕಾಲುವೆಗೆ ಬೀಳುತ್ತದೆ. ಕೂತು ಕಾಗದದ ಮೇಲೂ ಇಳಿಸಿ. ಗೊತ್ತಾದದ್ದು ಯಾರಿಂದ, ಯಾವಾಗ ಎಂದು ಪಕ್ಕದಲ್ಲೇ ಬರೆಯಿರಿ. ಗೊತ್ತಾಗದ ಕಡೆ ಜಾಗ ಬಿಡಿ, ಮುಂದೆ ಯಾರಾದರೂ ತುಂಬಿಯಾರು. ಬರೆದದ್ದರ ಒಂದು ಪ್ರತಿ ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ, ಒಂದನ್ನು ಹೇಳಿಕೊಟ್ಟ ಹೆಳವನ ಮನೆಗೆ ಮುಟ್ಟಿಸಿ. ಮದುವೆಯಾಗಿ ಹೋದ ಅಕ್ಕತಂಗಿಯರ ಮನೆಗೂ ಒಂದೊಂದು ಪ್ರತಿ ಕಳಿಸಿ, ಅವರ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಮೊದಲು ನೋಡಿಕೊಂಡು.